ಭೂತದ ಹೋಟೆಲಿನಲ್ಲಿ ಭೋಜರಾಜ ಶೆಟ್ರು

ಹೊಟ್ಟೆ ತುಂಬಿದವನ ಹತ್ತಿರ ಯಾವ ಭೂತವೂ ಸುಳಿಯುವುದಿಲ್ಲ. ಇದು ತ್ರಾಸಿಯ ಹೈವೇ ಬದಿಯಲ್ಲಿ ಊಟದ ಹೋಟೆಲು ನಡೆಸುವ ಭೋಜರಾಜ ಶೆಟ್ರ ಸಿದ್ಧಾಂತ. ಸಿದ್ಧಾಂತಕ್ಕೆ ತಕ್ಕ ಹೊಟ್ಟೆಯನ್ನು ಅವರು ಕಷ್ಟಪಟ್ಟು ಬೆಳೆಸಿದ್ದರು. ಹೊಟ್ಟೆಗೆ ತಕ್ಕ ಗಂಟಲು ಮಾತ್ರ ಕಷ್ಟಪಟ್ಟದ್ದಲ್ಲ, ಹುಟ್ಟುವಾಗಲೇ ತಂದದ್ದು. ಅವರು ಗಲ್ಲೆಯಲ್ಲಿ ಕೂತು ಎರಡು ಊಟ, ಒಂದು ಅಂಜಲ್ ಫ್ರೈ ಎಂದರೆ ಒಳಗಿನ ಅಡುಗೆಯವನ ಜೊತೆಗೆ ಎದುರಿನ ಪೆಟ್ರೋಲ್ ಬಂಕಿನವನೂ ತಲೆಯಾಡಿಸುತ್ತಿದ್ದ. ಇಂಥ ಮಹಾಪುರುಷರು ಒಂದು ಸೋಮವಾರ ಅನ್ನಕ್ಕೆ ಸಾರು ಕಲಸುತ್ತಾ ಘೋಷಣೆ ಹೊರಡಿಸಿದರು:

"ಭೂತ ಆದ್ರೂ ಸೈ, ಬೂತಾಯಿ ಆದ್ರೂ ಸೈ. ಭೋಜರಾಜನ್ ಎದ್ರಿಗ್ ಬಂದ್ರೆ ಎರ್ಡೂ ಫ್ರೈ!"

ಬೂತಾಯಿ ಎಂಬುದು ನಮ್ಮ ಕಡಲಿನ ಮೀನು. ಘೋಷಣೆಗೆ ಕಾರಣ ಮಗಳು ಪ್ರಣೀತಾ. ಕುಂದಾಪುರದ ಕಾಲೇಜಿನಲ್ಲಿ ಕಡೆಯ ವರ್ಷ ಓದುವ ಈ ಹುಡುಗಿ ಸಂಜೆ ಕಿರಿಮಂಜೇಶ್ವರದಲ್ಲಿ ಕಡಲಿಗೆ ಹತ್ತಿರದ ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತು ಭೂತದ ಆಟ ಆಡುತ್ತಾಳೆ. ಸುಮ್ಮನೆ ಆಡುವುದಲ್ಲ. ಆಡುತ್ತಾ ಆಡುತ್ತಾ ಅಚ್ಚ ಕುಂದಾಪ್ರ ಕನ್ನಡದಲ್ಲಿ ವರ್ಣನೆ ಕೊಡುತ್ತಾಳೆ. ಮುಂಬೈಯಲ್ಲೂ ದುಬೈಯಲ್ಲೂ ಇರುವ ನಮ್ಮೂರವರು ಅದನ್ನು ಮೊಬೈಲಿನಲ್ಲಿ ನೋಡಿ, ಹೆದರಿ, ಊರಿನ ಮಾತು ಕೇಳಿದ ಖುಷಿಗೆ ನಕ್ಕು ಮಲಗುತ್ತಾರೆ. ಅವಳಿಗಿದ್ದ ತೊಂದರೆ ಒಂದೇ. ಪರದೆಯ ಮೇಲೆ ಬಾಗಿಲು ಕಿರ್ರೆಂದು ತೆರೆದು, ನೋಡುವವರೆಲ್ಲ ಉಸಿರು ಬಿಗಿಹಿಡಿದ ಹೊತ್ತಿಗೆ ಸರಿಯಾಗಿ ಪಕ್ಕದ ಕೋಣೆಯಿಂದ "ನನ್ ಬನಿಯನ್ ಎಲ್ಲಿತ್?" ಎಂಬ ಗುಡುಗು ಕೇಳಿಸುತ್ತಿತ್ತು. ಈಚೆಗೆ ಜನ ಭೂತದ ಸುದ್ದಿ ಬಿಟ್ಟು ಬನಿಯನ್ ಸಿಕ್ಕಿತೇ ಎಂದೇ ಕೇಳತೊಡಗಿದ್ದರು.

ಹಾಗಾಗಿ ಅವಳಿಗೆ ಉಪ್ಪರಿಗೆಯ ಕೋಣೆ ಬೇಕಾಗಿತ್ತು. ಬಾಗಿಲು ಹಾಕಿಕೊಂಡರೆ ಅಪ್ಪನ ಧ್ವನಿ ಅರ್ಧವಾದರೂ ತಗ್ಗುವ ಜಾಗ ಇಡೀ ಮನೆಯಲ್ಲಿ ಅದೊಂದೇ. ಎರಡು ವರ್ಷ ಕಷ್ಟಪಟ್ಟು ಸೇರಿಸಿದ ನೋಡುಗರು ಹೀಗೇ ಆದರೆ ಒಬ್ಬೊಬ್ಬರೇ ಜಾರುತ್ತಾರೆ ಎಂಬ ಸಂಕಟ ಅವಳದ್ದು. ಆದರೆ ಶೆಟ್ರು ಹೊಸದಾಗಿ ಮದುವೆ ಊಟದ ಗುತ್ತಿಗೆ ಹಿಡಿದು ಇನ್ನೂರು ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ಆ ಕುರ್ಚಿಗಳಿಗೂ ಅದೇ ಕೋಣೆ ಬೇಕಾಗಿತ್ತು. ಕಂಪ್ಯೂಟರಿನ ಒಳಗಿರುವ ಭೂತಕ್ಕೆ ಹೆದರುವ ಆಟಕ್ಕೆ ಒಂದು ಕೋಣೆಯೇ, ಚಿತ್ರದಲ್ಲಿರುವ ಹುಲಿ ಕಚ್ಚುತ್ತದೆಯೇ ಎಂದು ಶೆಟ್ರು ಗೇಲಿ ಮಾಡಿದರು. ಹೆದರುವುದಿಲ್ಲವಾದರೆ ನೀವೇ ಆಡಿ ತೋರಿಸಿ ಎಂದು ಮಗಳು ಕೆಣಕಿದಳು. ಮಾತಿಗೆ ಮಾತು ಬೆಳೆದು ಪಂಥವೇ ಆಯಿತು.

"ಅಪ್ಪಯ್ಯ, ಒಂದೇ ಜೀವ. ಸಾಯ್ದೆ ಆಟದ್ ಗೇಟ್ ದಾಟಿ ಹೊರ್ಗ್ ಬಂದ್ರೆ ಕೋಣೆ ನಿಮ್ ಕುರ್ಚಿಗೆ. ಸತ್ರೆ ನಂಗೆ."

"ಅಕ್ಕ್" ಎಂದರು ಶೆಟ್ರು. ಆಗಲಿ ಎಂಬ ಮಾತನ್ನು ನಮ್ಮ ಕಡೆ ಇಷ್ಟು ಚಿಕ್ಕದಾಗಿ ಹೇಳುತ್ತಾರೆ.

ಪ್ರಣೀತಾ ಅಪ್ಪನ ಮಗಳೇ. ಆಟ ಆರಿಸಿದ್ದು ಅವಳು. ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿತ್ತು, ಶೆಟ್ರು ಅದರಲ್ಲಿ ಹೋಟೆಲ್ ಎಂಬ ಒಂದು ಪದ ಓದಿ ನಕ್ಕುಬಿಟ್ಟರು. ಹೋಟೆಲಿನಲ್ಲೇ ಕೂದಲು ಬೆಳ್ಳಗಾದವನಿಗೆ ಹೋಟೆಲಿನಲ್ಲಿ ಪರೀಕ್ಷೆಯೇ! ಮೀನಿಗೆ ಈಜು ಕಲಿಸಿದ ಹಾಗಾಯಿತು ಎಂದರು. ಮಂಗಳವಾರ ಅವರ ಹೋಟೆಲಿಗೆ ರಜೆ, ಮಗಳು ಕಾಲೇಜಿಗೂ ರಜೆ ಹಾಕಿದಳು. ಬೆಳಿಗ್ಗೆ ನೀರುದೋಸೆಯನ್ನು ಲೆಕ್ಕವಿಡದೆ ತಿಂದು, ಯುದ್ಧಕ್ಕೆ ಹೊರಟ ರಾಜನಂತೆ ಮೀಸೆ ಒರೆಸಿಕೊಂಡು ಬಂದು ಕೂತ ಮೇಲೆ ಮಗಳು ನಿಯಮ ಹೇಳಿದಳು. ಈ ಆಟದ ಭೂತಕ್ಕೆ ಕಣ್ಣಿಲ್ಲ. ಕಿವಿ ಮಾತ್ರ ಇರುವುದು. ಆ ಕಿವಿ ಯಾವುದು ಗೊತ್ತೇ? ಮೇಜಿನ ಮೇಲಿಟ್ಟ ಮೈಕು. ಆಡುವವನು ಈ ಕೋಣೆಯಲ್ಲಿ ಕೂತು ಕೆಮ್ಮಿದರೆ ಆ ಹೋಟೆಲಿನಲ್ಲಿ ಭೂತಕ್ಕೆ ಕೇಳಿಸುತ್ತದೆ. ಅದು ಬರುತ್ತದೆ. ಬಂದರೆ ಮುಗಿಯಿತು.

ಶೆಟ್ರ ಮುಖ ಸ್ವಲ್ಪ ಇಳಿಯಿತು. ಅವರು ಬಾಯಿ ಮುಚ್ಚಿಕೊಂಡಿರುವುದು ನಿದ್ದೆಯಲ್ಲೂ ಇಲ್ಲ, ಆಗ ಗೊರಕೆ ಇರುತ್ತದೆ. ಆದರೆ ಆಡಿದ ಮಾತು ಆಡಿಯಾಗಿತ್ತು. ತಮ್ಮ ಬಾಯಿ ಮುಚ್ಚುವ ಮೊದಲು ಅವರು ಇಡೀ ಮನೆಯ ಬಾಯಿ ಮುಚ್ಚಿಸಿದರು. ಮಿಕ್ಸಿ ಬಂದ್. ಕುಕ್ಕರ್ ಬಂದ್. ಕರೆಗಂಟೆಯ ವಯರು ಕಿತ್ತದ್ದಾಯಿತು. ಮೂರೂ ಮೊಬೈಲು ಆಫ್. ಫ್ಯಾನು ಕಿರುಗುಟ್ಟುತ್ತದೆಂದು ಅದೂ ನಿಂತಿತು. ಕೋಣೆ ಕತ್ತಲಾಗಲೆಂದು ಎಲ್ಲ ಕಿಟಕಿಗಳಿಗೂ ಪರದೆ ಎಳೆದರು. ತಾನು ಅಡುಗೆ ಮಾಡುವುದು ಹೇಗೆ ಎಂದು ಕೇಳಿದ ಹೆಂಡತಿ ಕುಸುಮಾವತಿಗೆ, ಸದ್ದಿಲ್ಲದ ಅಡುಗೆ ಏನುಂಟೋ ಅದನ್ನು ಮಾಡು ಎಂದು ಅಪ್ಪಣೆಯಾಯಿತು. ಆಮೇಲೆ ಶೆಟ್ರು ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿ, ಗುಂಡಿಗಳ ಯಂತ್ರವನ್ನು ಎರಡು ಕೈಯಲ್ಲೂ ಹಿಡಿದು, ಭೂತದ ಹೋಟೆಲಿನೊಳಗೆ ಬಲಗಾಲಿಟ್ಟರು.

ಬಲಗಾಲು ಎಂದದ್ದು ಮಾತಿಗೆ. ಮೊದಲ ಹತ್ತು ನಿಮಿಷ ಅವರು ಹೋದದ್ದೆಲ್ಲ ಗೋಡೆಗೆ. ಮುಂದೆ ನೋಡಬೇಕೆಂದರೆ ಸೂರು ಕಾಣುತ್ತಿತ್ತು, ಸೂರಿನಿಂದ ಇಳಿದರೆ ತಮ್ಮದೇ ಬೂಟು. ಕಲಿತುಕೊಂಡು ನೆಟ್ಟಗೆ ನಿಂತು ಎದುರು ನೋಡಿದವರು ಹಾಗೇ ನಿಂತುಬಿಟ್ಟರು.

ಆ ಕತ್ತಲೆ ಸಾಮಾನ್ಯದ್ದಾಗಿರಲಿಲ್ಲ. ಕರೆಂಟು ಹೋದಾಗಿನ ಕತ್ತಲೆಯಲ್ಲಿ ಮನುಷ್ಯ ಬೆಂಕಿಪೊಟ್ಟಣ ಹುಡುಕುತ್ತಾನೆ. ಈ ಕತ್ತಲೆ ಮನುಷ್ಯನನ್ನೇ ಹುಡುಕುತ್ತಿತ್ತು. ಟಾರ್ಚು ಹಾಕಿದರೆ ಬೆಳಕಿನ ಉದ್ದಕ್ಕೂ ಧೂಳು ತೇಲುತ್ತಿತ್ತು. ಊಟದ ಹಾಲಿನಲ್ಲಿ ಮೇಜಿನ ಮೇಲೆ ಲೋಟದ ಒದ್ದೆ ಗುರುತು ಇನ್ನೂ ಆರದೆ ಇತ್ತು, ಕುಡಿದು ಎದ್ದವನು ಈಗಷ್ಟೇ ಹೊರಗೆ ಹೋದ ಹಾಗೆ. ಎಲ್ಲೋ ಮಳೆ ಬರುತ್ತಿತ್ತು, ಎಲ್ಲೋ ಒಂದು ನಲ್ಲಿ ಸೋರುತ್ತಿತ್ತು. ಶೆಟ್ರು ಬೆರಗಾದರು. ಮನುಷ್ಯರು ಕೂತು ಮಾಡಿದ್ದಲ್ಲವೇ ಇದು? ಒಂದು ಲೋಟದ ಗುರುತಿಗೆ ಇಷ್ಟು ಶ್ರದ್ಧೆ ಹಾಕಿದವರು ಭೂತಕ್ಕೆ ಇನ್ನೆಷ್ಟು ಹಾಕಿರಬಹುದು ಎಂಬ ಯೋಚನೆ ಬಂತು. ಹೇಳಬೇಕೆಂದು ಮಗಳ ಕಡೆ ತಿರುಗಿ ಬಾಯಿ ತೆರೆದರು. ಅವಳು ಮೈಕು ತೋರಿಸಿದಳು. ಬಾಯಿ ಮುಚ್ಚಿತು. ಬೆರಗನ್ನು ಹೇಳದೆ ನುಂಗುವುದು ಎಷ್ಟು ಕಷ್ಟವೆಂಬುದು ಅವರಿಗೆ ಮೊದಲ ಸಲ ಗೊತ್ತಾಯಿತು.

ಆ ಹೋಟೆಲಿನ ಅಡುಗೆಮನೆಗೆ ಬಂದದ್ದೇ ಬೆರಗಿನ ನಡುವೆಯೂ ಹೋಟೆಲಿನವನ ಬುದ್ಧಿ ಎದ್ದು ಕೂತಿತು. ಮೊದಲು ಸೋರುವ ನಲ್ಲಿ ನಿಲ್ಲಿಸಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಒಳ್ಳೆ ಸ್ಟೀಲಿನ ಸೌಟೊಂದು ಕಂಡಿತು. ಒಳ್ಳೆ ಪಾತ್ರೆ ನೆಲದಲ್ಲಿರುವಾಗ ದಾಟಿ ಹೋಗುವುದು ಅವರ ಜಾತಕದಲ್ಲೇ ಬರೆದಿಲ್ಲ. ಎತ್ತಿಕೊಂಡರು. ಉಪ್ಪಿನ ಡಬ್ಬಿ ಎತ್ತಿಕೊಂಡರು. ಹಿಡಿಯಿಲ್ಲದ ಚೂರಿ, ಮಸಾಲೆಯ ಬಾಟಲಿಯೂ ಸೇರಿದವು. ಈ ಆಟದಲ್ಲಿ ಜೇಬಿಗೆ ನಾಲ್ಕೇ ಸಾಮಾನು ಹಿಡಿಯುವುದು ಎಂದು ಮಗಳು ಹೇಳಿದ್ದು ನೆನಪಾದದ್ದು ಟಾರ್ಚು ಮಿಣುಕಿದಾಗ. ಎದುರಿಗೇ ಬ್ಯಾಟರಿ ಇತ್ತು, ಜೇಬಿನಲ್ಲಿ ಜಾಗವಿರಲಿಲ್ಲ. ಜೀವ ಬೇಕೋ ಸೌಟು ಬೇಕೋ ಎಂದು ಎರಡು ಕ್ಷಣ ಯೋಚಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಸೌಟು ಕೆಳಗೆ ಹಾಕಿದರು.

ಠಣ್ಣೆಂದು ಸದ್ದಾಯಿತು.

ಮಳೆಯ ಸದ್ದು ನಿಂತುಹೋಯಿತು. ಹೆಡ್‌ಫೋನಿನಲ್ಲಿ, ಬಲಗಿವಿಯ ಹಿಂದೆ, ಯಾರೋ ಉಸಿರೆಳೆದರು. ಬಾಗಿಲಲ್ಲಿ ಅವನು ಬಂದ. ಬಿಳಿ ಏಪ್ರನ್ ಕಟ್ಟಿದ ಅಡುಗೆಯವನು, ಕಣ್ಣಿರಬೇಕಾದಲ್ಲಿ ಬರೀ ಚರ್ಮ. ಉದ್ದ ಬೆರಳುಗಳಿಂದ ಗೋಡೆ ಸವರುತ್ತಾ, ಸಾಸಿವೆ ಸಿಡಿಯಿತೇ ಎಂದು ಬಾಣಲೆಗೆ ಕಿವಿಕೊಡುವವನ ಹಾಗೆ ತಲೆ ವಾಲಿಸಿ ನಿಂತ. ಶೆಟ್ರು ಮೇಜಿನಡಿಗೆ ನುಗ್ಗಿದರು. ಆಟದ ಮನುಷ್ಯನಿಗೆ ಉಸಿರು ಕಟ್ಟುವ ಗುಂಡಿ ಬೇರೆಯೇ ಇತ್ತು, ಶೆಟ್ರು ಗುಂಡಿ ಮರೆತು ತಮ್ಮದೇ ಉಸಿರು ಕಟ್ಟಿಕೊಂಡರು. ಮುಖ ಕರಿದ ಬಾಳಕ ಮೆಣಸಿನ ಬಣ್ಣಕ್ಕೆ ತಿರುಗಿತು. ಆಗ ಸಿದ್ಧಾಂತವೇ ಕೈಕೊಟ್ಟಿತು. ತುಂಬಿದ ಹೊಟ್ಟೆ ಗುಡುಗಿತು. ಅಡುಗೆಯವನ ತಲೆ ನಿಧಾನವಾಗಿ ಇವರ ಹೊಟ್ಟೆಯ ಕಡೆ ತಿರುಗಿತು. ಪ್ರಣೀತಾ ಹಾಸಿಗೆಯ ಮೇಲಿನ ದಿಂಬನ್ನು ಎಳೆದು ಅಪ್ಪನ ಹೊಟ್ಟೆಗೆ ಒತ್ತಿ ಹಿಡಿದಳು. ಪಂಥದಲ್ಲಿ ಎದುರಾಳಿಯೆಂಬುದು ಆ ಹೊತ್ತಿಗೆ ಅವಳಿಗೂ ಮರೆತಿತ್ತು. ಅಡುಗೆಯವನು ಬಹಳ ಹೊತ್ತು ನಿಂತು, ಕಾಲೆಳೆಯುತ್ತಾ ಹೋದ. ಶೆಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ಮಗಳನ್ನು ನೋಡಿದರು. ಇಷ್ಟು ಹೆದರಿಯೂ ಮನುಷ್ಯ ಬದುಕಿರುತ್ತಾನಲ್ಲ ಎಂಬುದೇ ದೊಡ್ಡ ಆಶ್ಚರ್ಯವಾಗಿತ್ತು ಅವರಿಗೆ.

ಈಗ ನಾವು ಸ್ವಲ್ಪ ಅಂಗಳಕ್ಕೆ ಬರೋಣ. ಇಲ್ಲಿ ನಡೆದದ್ದು ಶೆಟ್ರಿಗೆ ಗೊತ್ತಾದದ್ದು ಆಮೇಲೆ. ಓದುವ ನಿಮ್ಮನ್ನು ಅಲ್ಲಿಯವರೆಗೆ ಕಾಯಿಸುವುದು ನ್ಯಾಯವಲ್ಲ.

ಬುಟ್ಟಿ ಹೊತ್ತು ಮೀನು ಮಾರುವ ಜಲಜ ದಿನದಂತೆ ಬಂದು ಗೇಟಿನಲ್ಲಿ ಕರೆದಳು. ದಿನವೂ ಅವಳ ಕರೆ ಮುಗಿಯುವ ಮೊದಲೇ ಎಂತ ಮೀನೆಂದು ಒಳಗಿನಿಂದ ಶೆಟ್ರ ಗರ್ಜನೆ ಬರುತ್ತಿತ್ತು. ಇವತ್ತು ಇಲ್ಲ. ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು, ಮಿಕ್ಸಿಯ ಸದ್ದೂ ಇರಲಿಲ್ಲ. ಆಗ ಕುಸುಮಾವತಿ ಹೊರಗೆ ಬಂದರು. ಮಿಕ್ಸಿಯಿಲ್ಲದ ಕಾರಣ ಒಂದು ರಾಶಿ ಈರುಳ್ಳಿಯನ್ನು ಸಣ್ಣಗೆ ಕೊಚ್ಚಿ ಕೊಚ್ಚಿ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮಾತಾಡಬೇಡವೆಂದು ತುಟಿಯ ಮೇಲೆ ಬೆರಳಿಟ್ಟು, ಒಳಗೆ ಶೆಟ್ರಿದ್ದ ಕತ್ತಲೆ ಕೋಣೆಯನ್ನು ತೋರಿಸಿ, ತಲೆಯಾಡಿಸಿದರು. ಜಲಜಳಿಗೆ ಇನ್ನೇನು ಬೇಕು? ಅವಳು ಬಾಯಿಬಿಟ್ಟು ಕೇಳಲಿಲ್ಲ, ಅಂಥದ್ದನ್ನು ಯಾರೂ ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಮೀನು ಇಳಿಸಬಾರದೆಂದು ಬುಟ್ಟಿಯನ್ನು ಹಾಗೇ ಹೊತ್ತು, ಕುಸುಮಾವತಿಯ ಕೈ ಒಮ್ಮೆ ಒತ್ತಿ, ಸೆರಗಿನಿಂದ ಮೂಗೊರೆಸುತ್ತಾ ಪಕ್ಕದ ಮನೆಗೆ ಓಡಿದಳು. ಮೀನು ಕೊಡದೆ ಯಾಕೆ ಹೋದಳೆಂದು ಕುಸುಮಾವತಿಗೆ ಅರ್ಥವಾಗಲಿಲ್ಲ.

ಪಕ್ಕದ ಮನೆಯ ಸುಧಾಕರ ಮೊದಲು ನಂಬಲಿಲ್ಲ. ನಿನ್ನೆ ಶೆಟ್ರ ಧ್ವನಿ ಅವನ ಕೊಟ್ಟಿಗೆಯ ತನಕ ಬಂದಿತ್ತು. ಖಚಿತ ಮಾಡಿಕೊಳ್ಳಲು ಫೋನು ಮಾಡಿದ. ಸ್ವಿಚ್ ಆಫ್. ಮೊಬೈಲು ಎಂಬುದು ಊರಿಗೆ ಬಂದಂದಿನಿಂದ ಭೋಜರಾಜ ಶೆಟ್ರ ಫೋನು ಆಫ್ ಆದದ್ದೇ ಇಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ಅವನು ಕೂಡಲೇ ಬ್ರಹ್ಮಾವರದಲ್ಲಿರುವ ಶೆಟ್ರ ತಂಗಿಗೆ ಸುದ್ದಿ ಮುಟ್ಟಿಸಿದ. ಅವಳು ಅಳುತ್ತಾ ಕಾರು ಹತ್ತಿದಳು. ಹೆಣ ಸುಡಲು ನಮ್ಮಲ್ಲಿ ಮಾವಿನ ಮರ ಕಡಿಯುವುದು ಕ್ರಮ. ತೋಟದ ಕೆಲಸದ ತಿಮ್ಮ ಕೊಡಲಿ ಹಿಡಿದು ಬಂದು, ಹಿತ್ತಲ ಮಾವಿನ ಮರಕ್ಕೆ ಒಂದು ಸುತ್ತು ಹಾಕಿ, ಶೆಟ್ರ ಗಾತ್ರಕ್ಕೆ ಇದೊಂದು ಸಾಲದೆಂದು ಪಕ್ಕದ ಮರವನ್ನೂ ತಟ್ಟಿ ನೋಡಿದ. ಹತ್ತಿಪ್ಪತ್ತು ನಿಮಿಷದಲ್ಲಿ ಹತ್ತು ಹನ್ನೆರಡು ಜನ ಸೇರಿ, ಚಪ್ಪಲಿ ಕಳಚಿ, ಸದ್ದಾಗದಂತೆ ಒಳಗೆ ಬಂದರು.

ಬಂದು ನೋಡಿದರೆ ಹೆಣ ಕೂತಿದೆ! ಕತ್ತಲೆ ಕೋಣೆಯಲ್ಲಿ ಇವರಿಗೆ ಬೆನ್ನು ಹಾಕಿ, ಕಿವಿಗೆ ಬುಟ್ಟಿಯಂಥದ್ದು ಏರಿಸಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಕೈಬೆರಳು ಆಡಿಸುತ್ತಿದೆ. ಸುಧಾಕರ ಬಾಯಿ ತೆರೆಯುವಷ್ಟರಲ್ಲಿ ಕುಸುಮಾವತಿ ಅಡುಗೆಮನೆಯಿಂದ ಬಂದು ತುಟಿಯ ಮೇಲೆ ಬೆರಳಿಟ್ಟರು. ಪ್ರಣೀತಾ ತಿರುಗಿ ಜನರನ್ನೂ ತಿಮ್ಮನ ಕೊಡಲಿಯನ್ನೂ ಕಂಡು ಗಾಬರಿಯಾಗಿ, ದಮ್ಮಯ್ಯ ಎಂಬಂತೆ ಕೈಮುಗಿದಳು. ಬಂದವರ ಕಣ್ಣು ಕಂಪ್ಯೂಟರಿನ ಪರದೆಯ ಮೇಲೆ ಬಿತ್ತು. ಆಮೇಲೆ ಯಾರೂ ಅಲುಗಲಿಲ್ಲ.

ಪರದೆಯಲ್ಲಿ ಶೆಟ್ರು ಹುಡುಕಿ ತೆಗೆದ ಗೇಟಿನ ಬೀಗದಕೈ ಹಿಡಿದು ಉದ್ದದ ಪಡಸಾಲೆಯಲ್ಲಿ ನಡೆಯುತ್ತಿದ್ದರು. ಹಿಂದಿನಿಂದ, ಆರೇಳು ಮಾರು ದೂರದಲ್ಲಿ, ಕಣ್ಣಿಲ್ಲದ ಅಡುಗೆಯವನು ಗೋಡೆ ಸವರುತ್ತಾ ಬರುತ್ತಿದ್ದ. ಶೆಟ್ರು ನಿಂತರೆ ಅವನೂ ನಿಲ್ಲುತ್ತಿದ್ದ. ಜಲಜ ಮೀನಿನ ಬುಟ್ಟಿಯ ಸಹಿತ ಗೋಡೆಗೆ ಅಂಟಿಕೊಂಡಳು. ಸುಧಾಕರ ಉಗುಳು ನುಂಗುವುದನ್ನೂ ನಿಲ್ಲಿಸಿದ. ನಮ್ಮೂರಿನ ಹತ್ತು ಹನ್ನೆರಡು ಜನ ಒಂದೇ ಕೋಣೆಯಲ್ಲಿ ಮಾತಿಲ್ಲದೆ ನಿಂತದ್ದು ಅದೇ ಮೊದಲಿರಬೇಕು. ಸತ್ತ ಶೆಟ್ರನ್ನು ನೋಡಲು ಬಂದವರು ಈಗ ಶೆಟ್ರು ಬದುಕಲಿ ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಿದ್ದರು.

ಶೆಟ್ರಿಗೆ ಇದೊಂದೂ ಗೊತ್ತಿಲ್ಲ. ಅವರ ಪಾಲಿಗೆ ಲೋಕದಲ್ಲಿ ಉಳಿದದ್ದು ಆ ಪಡಸಾಲೆ ಮತ್ತು ತುದಿಯಲ್ಲಿ ಕಾಣುವ ಗೇಟು. ಒಂದೊಂದೇ ಹೆಜ್ಜೆ ಇಟ್ಟರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿದರೂ ಒರೆಸಲಿಲ್ಲ. ಗೇಟು ಬಂತು. ಬೀಗದಕೈ ಹಾಕಿ ತಿರುಗಿಸಿದರು, ಬೀಗ ತೆರೆಯಿತು. ಹೊರಗೆ ಬೆಳಗಾಗುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಮುಗಿಯಿತು, ಕೋಣೆ ಕುರ್ಚಿಗಳಿಗೆ. ಪ್ರಣೀತಾ ಮುಖ ಕೆಳಗೆ ಹಾಕಿದಳು.

ಹೊಸ್ತಿಲ ಮೇಲೆ ಶೆಟ್ರು ಒಮ್ಮೆ ತಿರುಗಿ ನೋಡಿದರು. ಎಂಥ ಹೋಟೆಲು! ಒಂದು ಗಂಟೆ ಅದರ ಹೊಟ್ಟೆಯೊಳಗೆ ಓಡಾಡಿದ್ದರು, ಅದರ ನಲ್ಲಿ ನಿಲ್ಲಿಸಿದ್ದರು, ಅದರ ಮೇಜಿನಡಿ ಜೀವ ಉಳಿಸಿಕೊಂಡಿದ್ದರು. ನಮ್ಮ ಕಡೆ ಯಾರ ಮನೆಯಿಂದ ಹೊರಡುವಾಗಲೂ ಹೋಗುತ್ತೇನೆ ಎನ್ನುವಂತಿಲ್ಲ, ಹೋಗುವುದೆಂದರೆ ಒಂದೇ ಸಲ ಹೋಗುವುದು. ಬರುತ್ತೇನೆ ಎನ್ನಬೇಕು. ಹೇಳದೆ ಎದ್ದು ಹೋಗುವವನು ಒಂದೋ ಕಳ್ಳ, ಇಲ್ಲವಾದರೆ ಜಗಳಗಂಟ. ಶೆಟ್ರು ಎರಡೂ ಅಲ್ಲ. ಐವತ್ತು ವರ್ಷ ಪಳಗಿದ ನಾಲಿಗೆ ಶೆಟ್ರನ್ನು ಕೇಳದೆಯೇ ತನ್ನ ಕೆಲಸ ಮಾಡಿತು.

"ಬತ್ತೆ ಹಾಂ" ಎಂದರು, ಬಹಳ ಮೆಲ್ಲಗೆ, ವಿನಯದಿಂದ.

ಪಳಗಿದ ನಾಲಿಗೆ ಅವರೊಬ್ಬರದ್ದೇ ಅಲ್ಲವಲ್ಲ. ಬತ್ತೆ ಎಂಬ ಮಾತು ಕಿವಿಗೆ ಬಿದ್ದರೆ ಉತ್ತರ ಕೊಡದೆ ಇರುವ ಜನ್ಮ ನಮ್ಮೂರಿನಲ್ಲಿ ಹುಟ್ಟಿಲ್ಲ. ಹಿಂದೆ ನಿಂತಿದ್ದ ಅಷ್ಟೂ ಜನ, ಒಂದೇ ಗಂಟಲಿನಿಂದ, ಅಷ್ಟೇ ವಿನಯದಿಂದ ಹೇಳಿದರು:

"ಅಕ್ಕ್, ಹೋಯ್ ಬನಿ!"

ಶೆಟ್ರಿಗೆ ಆಟದ ಹೋಟೆಲೇ ಕುಂದಾಪ್ರ ಕನ್ನಡದಲ್ಲಿ ಬೀಳ್ಕೊಟ್ಟಂತೆ ಕೇಳಿಸಿತು. ಅಷ್ಟರಲ್ಲಿ ಕಣ್ಣಿಲ್ಲದ ಅಡುಗೆಯವನು ಪಡಸಾಲೆಯ ಉದ್ದಕ್ಕೂ ಹಾರಿ ಬಂದು ಪರದೆಯ ತುಂಬ ಬಾಯಿ ತೆರೆದ. ಶೆಟ್ರೂ ಬಾಯಿ ತೆರೆದರು. ಒಂದು ಗಂಟೆ ಕಟ್ಟಿಟ್ಟ ಧ್ವನಿ ಒಮ್ಮೆಗೇ ಹೊರಬಂತು. ಕುರ್ಚಿ ಹಿಂದಕ್ಕೆ ಮಗುಚಿತು, ದಿಂಬು ಹಾರಿತು. ನೆಲದ ಮೇಲೆ ಅಂಗಾತ ಬಿದ್ದವರು ಮೇಲೆ ನೋಡಿದರೆ ಪರದೆಯ ನೀಲಿ ಬೆಳಕಿನಲ್ಲಿ ಸುತ್ತಲೂ ಮುಖಗಳು, ಒಬ್ಬನ ಕೈಯಲ್ಲಿ ಕೊಡಲಿ. ಎರಡನೆಯ ಕೂಗು ಮೊದಲಿನದ್ದಕ್ಕಿಂತ ದೊಡ್ಡದಾಗಿತ್ತು. ಎದುರಿನ ತೋಟದ ಕಾಗೆಗಳೆಲ್ಲ ಎದ್ದವು.

ನೀರು ಕುಡಿಸಿ, ಕಿಟಕಿಯ ಪರದೆ ಸರಿಸಿ, ಯಾರು ಯಾಕೆ ಬಂದದ್ದೆಂದು ಎಲ್ಲರೂ ಎಲ್ಲರಿಗೂ ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಸಾಸ್ತಾನದ ಟೋಲಿನಲ್ಲಿ ಅಳುತ್ತಾ ನಿಂತಿದ್ದ ತಂಗಿಗೆ ಫೋನು ಹೋಯಿತು. ಅಣ್ಣ ಬದುಕಿದ್ದಾನೆಂದು ಸುಧಾಕರ ಹೇಳಿದರೆ ಅವಳು ನಂಬಲಿಲ್ಲ, ಶೆಟ್ರು ಫೋನು ಕಸಿದು ಬೈದ ಮೇಲೆ ನಂಬಿದಳು. ತಾನು ಸೋತದ್ದಲ್ಲ, ತಾನು ಹೇಳಿದ್ದು ಮೆಲ್ಲಗೆ, ಕೊಂದದ್ದು ಊರವರು ಎಂದು ಶೆಟ್ರು ವಾದ ಹೂಡಿದರು. ಜಲಜ ಬುಟ್ಟಿ ಇಳಿಸಿ ತೀರ್ಪು ಕೊಟ್ಟಳು.

"ಸಾವಿನ್ ಮನಿಯೊಳ್ಗೆ ಯಾರಾರೂ ಬತ್ತೆ ಅಂತ್ರಾ ಶೆಟ್ರೆ? ಅಲ್ಲಿಂದ್ ಮಾತಾಡ್ದೆ ಎದ್ಕಂಡ್ ಬರ್ಕ್. ಬತ್ತೆ ಅಂದ್ರಿ, ಅದ್ ಕರ್ಕಂಡ್ ಹೋಪುಕೆ ಬಂತ್."

ಇದಕ್ಕೆ ಎದುರಾಡಲು ಶಾಸ್ತ್ರದಲ್ಲಿ ಎಡೆಯಿರಲಿಲ್ಲ. ಪ್ರಣೀತಾ ಮಾತ್ರ ದೊಡ್ಡ ಮನಸ್ಸು ಮಾಡಿದಳು. ಜನ ಕೂಗಿದ್ದು ಹೌದಾದ್ದರಿಂದ ಪಂಥ ಲೆಕ್ಕಕ್ಕಿಲ್ಲ, ಬೇಕಾದರೆ ಅಪ್ಪಯ್ಯ ಈಗಲೇ ಇನ್ನೊಮ್ಮೆ ಆಡಲಿ ಎಂದು ಗುಂಡಿಗಳ ಯಂತ್ರವನ್ನು ಮುಂದೆ ಹಿಡಿದಳು. ಶೆಟ್ರ ಕೈ ತನ್ನಿಂದ ತಾನೇ ಬೆನ್ನ ಹಿಂದೆ ಹೋಯಿತು. ಅವರು ಪರದೆ ನೋಡಿದರು, ಮಗಳನ್ನು ನೋಡಿದರು. ದಿನಾ ಸಂಜೆ ಈ ಕತ್ತಲೆಯೊಳಗೆ ಒಬ್ಬಳೇ ಹೋಗಿ, ನಡುಗದೆ, ನಗಿಸುತ್ತಾ ಹೊರಬರುವ ಹುಡುಗಿ ಇವಳೇ? ಬನಿಯನ್ ಹುಡುಕಿ ಕೊಡೆಂದು ತಾನು ಕೂಗುತ್ತಿದ್ದದ್ದು ಇವಳಿಗೇ?

"ನೀ ದಿನಾ ಇದ್ರೊಳ್ಗೆ ಒಬ್ಳೇ ಹೋತ್ಯಾ ಮಗಾ?" ಎಂದರು. ಜೀವಮಾನದಲ್ಲಿ ಅವರು ಇಷ್ಟು ಸಣ್ಣ ಧ್ವನಿಯಲ್ಲಿ ಮಾತಾಡಿದ್ದು ಅದೇ ಮೊದಲು. "ಕೋಣೆ ನಿಂದೇ. ಕುರ್ಚಿ ಹೋಟ್ಲೊಳ್ಗ್ ಇರ್ಲಿ."

ಕೂಡಲೇ ಗಂಟಲು ಸರಿಮಾಡಿಕೊಂಡು, ಇದು ಹೆದರಿಕೆಯಿಂದ ಕೊಟ್ಟದ್ದಲ್ಲ, ಮಗಳ ಮೇಲಿನ ಪ್ರೀತಿಯಿಂದ ಕೊಟ್ಟದ್ದು, ಈ ಆಟದ ಸಹವಾಸ ಮಾತ್ರ ತನಗೆ ಇನ್ನು ಬೇಡ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಅಷ್ಟು ಹೊತ್ತು ಬಾಗಿಲಿಗೊರಗಿ ನಿಂತಿದ್ದ ಕುಸುಮಾವತಿ ಆಗ ಬಾಯಿ ತೆರೆದರು.

"ಕೋಣೆ ಮಗ್ಳಿಗ್ ಕೊಡಿ, ಆಟ ನೀವ್ ಬಿಡ್ಬ್ಯಾಡಿ. ದಿನಾ ಒಂದ್ ಗಂಟಿ ಆಡಿ. ಈ ಮನಿಗ್ ಮದಿಯಾಯ್ ಬಂದ್ ಇಪ್ಪತ್ತಾರ್ ವರ್ಷ ಆಯ್ತ್, ಇಲ್ಲಿಗ್ ಕಡ್ಲಿನ್ ಶಬ್ದ ಕೇಂತ್ ಅಂದೇಳಿ ನಂಗ್ ಗೊತ್ತಾದ್ದೇ ಇವತ್ತ್."